ಚಳಿಗಾಲದಲ್ಲಿ ಸಾಕುಹಾವಿನ ಪ್ರಯಾಣ
ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಚಳಿ ಹಿಡಿಯುತ್ತಿದ್ದಂತೆ ಸಾಕುಹಾವುಗಳನ್ನು ಊರಿಂದೂರಿಗೆ ಒಯ್ಯುವ ಬಗ್ಗೆ ಪತ್ರಗಳು ಬರತೊಡಗಿವೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಬಂದ ಐದು ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನ್ನ ಬಳಿ ನಾಲ್ಕು ವರ್ಷದ ಬಾಲ್ ಪೈಥಾನ್ ಇದೆ. ನೋಂದಣಿಯಾಗಿದೆ. ಡಿಸೆಂಬರ್ ಕೊನೆಗೆ ನನಗೆ ವಿಜಯಪುರಕ್ಕೆ ವರ್ಗವಾಗಿದೆ. ಮನೆ ಸಾಮಾನಿನ ಜೊತೆಗೆ ಹಾವನ್ನೂ ರಾತ್ರಿ ಲಾರಿಯಲ್ಲಿ ಕಳುಹಿಸಬೇಕೆಂದಿದ್ದೇನೆ. ಪೆಟ್ಟಿಗೆಯೊಳಗೆ ಕೈ ಕಾಯಿಸಿಕೊಳ್ಳುವ ಎರಡು ಪೊಟ್ಟಣ ಇಟ್ಟು, ಮೇಲೆ ಕೌದಿ ಸುತ್ತಿದರೆ ಸಾಕೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನೀವು ಹೇಳಿದ ಮೂರೂ ಏರ್ಪಾಡುಗಳಲ್ಲಿ, ಅಂದರೆ ಕೌದಿ, ಪೊಟ್ಟಣ ಮತ್ತು ರಾತ್ರಿಯ ಲಾರಿ, ಮೂರರಲ್ಲೂ ತೊಂದರೆಯಿದೆ.

ಮೊದಲು ಕೌದಿಯ ವಿಚಾರ. ನಮ್ಮ ಮೈ ತಿಂದ ಅನ್ನವನ್ನು ಕರಗಿಸಿ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ, ಆ ಬಿಸಿ ಹೊರಗೆ ಹೋಗದಂತೆ ಕೌದಿ ತಡೆಯುತ್ತದೆ, ಆದ್ದರಿಂದ ನಮಗೆ ಬೆಚ್ಚಗಾಗುತ್ತದೆ. ಹಾವಿನ ಮೈಯಲ್ಲಿ ಹಾಗೆ ತಡೆದಿಡುವಷ್ಟು ಬಿಸಿ ಹುಟ್ಟುವುದೇ ಇಲ್ಲ. ಸುತ್ತಲಿನ ಗಾಳಿ, ನೆಲ, ಬಿಸಿಲು ಎಷ್ಟು ಕೊಡುತ್ತವೆಯೋ ಅಷ್ಟೇ ಅದರ ಪಾಲು. ತಣ್ಣಗಾದ ಹಾವಿಗೆ ನಾಲ್ಕು ಕೌದಿ ಹೊದಿಸಿದರೂ ಅದು ತಣ್ಣಗೇ ಇರುತ್ತದೆ, ಮತ್ತು ಬಿಗಿಯಾಗಿ ಸುತ್ತಿದ ಕೌದಿಯಿಂದ ಪೆಟ್ಟಿಗೆಗೆ ಗಾಳಿ ಹೋಗುವ ದಾರಿಯೂ ಮುಚ್ಚಿಹೋಗಬಹುದು.

ಎರಡನೆಯದಾಗಿ ಕೈ ಕಾಯಿಸುವ ಪೊಟ್ಟಣ. ಅದರೊಳಗೆ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು ಮತ್ತು ಸ್ವಲ್ಪ ತೇವ ಇರುತ್ತವೆ. ಗಾಳಿ ತಾಗಿದೊಡನೆ ಕಬ್ಬಿಣ ತುಕ್ಕು ಹಿಡಿಯತೊಡಗಿ ಬಿಸಿ ಹೊಮ್ಮುತ್ತದೆ. ಆ ಬಿಸಿ 50 ಡಿಗ್ರಿಯನ್ನೂ ಮೀರಬಹುದು. ಬಿಸಿ ತಾಗಿದರೆ ಹಾವು ತಾನೇ ಸರಿದುಕೊಳ್ಳುತ್ತದೆ ಎಂದು ನಾವು ಭಾವಿಸುತ್ತೇವೆ, ಆದರೆ ಸುಡುವ ವಸ್ತುವಿನ ಮೇಲೆಯೇ ಹೊಟ್ಟೆಯೂರಿ ಸುಮ್ಮನೆ ಮಲಗಿರುವ ಹಾವುಗಳನ್ನು ವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ. ಹಿಂದೊಂದು ಚಳಿಗಾಲದಲ್ಲಿ ನನ್ನ ಬಳಿಗೆ ತಂದಿದ್ದ ಕಾರ್ನ್ ಸ್ನೇಕ್ ಒಂದು ಹೀಗೆಯೇ ಬೆಂದಿತ್ತು. ಮೇಲಿನಿಂದ ನೋಡಿದರೆ ಕಿತ್ತಳೆ ಬಣ್ಣ ಥಳಥಳಿಸುತ್ತಿತ್ತು. ಅಂಗೈ ಮೇಲೆ ಹೊರಳಿಸಿ ನೋಡಿದಾಗ ಹೊಟ್ಟೆಯ ಅಡ್ಡ ಹುರುಪೆಗಳಲ್ಲಿ ಐದಾರು ಕಂದುಗಟ್ಟಿ, ಅಂಚಿನಲ್ಲಿ ನೀರು ಜಿನುಗುತ್ತಿತ್ತು. ಪ್ರಯಾಣ ಕೆಲವೇ ಗಂಟೆಗಳದ್ದು, ಗಾಯ ಮಾಯಲು ಮೂರು ಸಲ ಪೊರೆ ಬಿಡಬೇಕಾಯಿತು. ಆ ಪೊಟ್ಟಣ ಇಟ್ಟವರೂ ಹಾವಿನ ಮೇಲಿನ ಪ್ರೀತಿಯಿಂದಲೇ ಇಟ್ಟಿದ್ದರು. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ರಾತ್ರಿ ಪ್ರಯಾಣ. ಚಳಿಯಲ್ಲಿ ಹಾವು ಸಾಗಿಸುವ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವರು ಬರೆದವು. ಅಲ್ಲಿ ಹಗಲೂ ರಾತ್ರಿಯೂ ಹಿಮ ಬೀಳುವ ದಿನಗಳಿವೆ, ಆದ್ದರಿಂದ ಅವರಿಗೆ ಹೀಟ್ ಪ್ಯಾಕ್, ಅಂದರೆ ಬಿಸಿ ಕೊಡುವ ಇಂಥದೇ ಪೊಟ್ಟಣ, ಇಲ್ಲದೆ ಗತ್ಯಂತರವಿಲ್ಲ. ನಮ್ಮ ಚಳಿ ಗಂಟೆಗಳ ಲೆಕ್ಕದ ಚಳಿ. ಬೆಳಗಾವಿ, ವಿಜಯಪುರಗಳಲ್ಲಿ ಡಿಸೆಂಬರ್‌, ಜನವರಿಯ ನಸುಕಿನಲ್ಲಿ ಉಷ್ಣಾಂಶ 10ರಿಂದ 14 ಡಿಗ್ರಿಗೆ ಇಳಿಯುವುದುಂಟು, ಆದರೆ ಅದೇ ದಿನ ಮಧ್ಯಾಹ್ನ 28–30 ಡಿಗ್ರಿ ಬಿಸಿಲಿರುತ್ತದೆ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಹಾವು. ಮನೆಯಲ್ಲಿ ಅದಕ್ಕೆ ನೀವು ಒಂದು ಕಡೆ 31–32, ಇನ್ನೊಂದು ಕಡೆ 25–27 ಡಿಗ್ರಿ ಕೊಡುತ್ತಿದ್ದೀರಿ. ಪ್ರಯಾಣದ ಕೆಲವು ಗಂಟೆ 22ರಿಂದ 28 ಡಿಗ್ರಿಯೊಳಗೆ ಇದ್ದರೆ ಅದಕ್ಕೆ ಯಾವ ತೊಂದರೆಯೂ ಇಲ್ಲ, ಮತ್ತು ಅಷ್ಟು ಹಿತವಾದ ಹವೆಯನ್ನು ನಮ್ಮ ಹಗಲು ಪುಕ್ಕಟೆಯಾಗಿಯೇ ಕೊಡುತ್ತದೆ. ಬೆಳಿಗ್ಗೆ ಹತ್ತಕ್ಕೆ ನಿಮ್ಮದೇ ಕಾರಿನಲ್ಲೋ ಬಾಡಿಗೆ ಕಾರಿನಲ್ಲೋ ಹೊರಟು, ಲೋಕಾಪುರ, ಕೊಲ್ಹಾರದ ಮೇಲೆ ಹೋದರೆ ಬಿಸಿಲು ಇಳಿಯುವ ಮೊದಲೇ ವಿಜಯಪುರ ಸೇರಬಹುದು. ಸಾಮಾನಿನ ಲಾರಿ ಮುಂದೆ ಹೋಗಲಿ, ಹಾವು ನಿಮ್ಮ ಜೊತೆಗೇ ಬರಲಿ. ಹೀಟ್ ಪ್ಯಾಕ್ ಬೇಕಿಲ್ಲ.

ಪೆಟ್ಟಿಗೆಯನ್ನು ಕಟ್ಟುವ ಬಗೆ ಹೀಗೆ. ಸುಮಾರು ಎರಡು ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಪೆಟ್ಟಿಗೆಯನ್ನು ಗಟ್ಟಿ ರಟ್ಟಿನ ಡಬ್ಬಿಯೊಳಗೆ ಕೂರಿಸಿ, ಎದುರುಬದುರು ಪಕ್ಕಗಳಲ್ಲಿ ಎರಡನ್ನೂ ಕೂಡಿಸಿ ಪೆನ್ಸಿಲ್ ದಪ್ಪದ ನಾಲ್ಕಾರು ತೂತು ಮಾಡಿರಿ. ಹಾವನ್ನು ನೇರವಾಗಿ ಪೆಟ್ಟಿಗೆಗೆ ಬಿಡದೆ ಹತ್ತಿಯ ಚೀಲದಲ್ಲಿ ಹಾಕಬೇಕು. ತಲೆದಿಂಬಿನ ಹಳೆಯ ಗವಸು ಸಾಕು, ಆದರೆ ಅದನ್ನು ಒಳಮೈ ಹೊರಗೆ ಮಾಡಿಕೊಳ್ಳಿ, ಏಕೆಂದರೆ ಹೊಲಿಗೆಯ ಸಡಿಲ ನೂಲು ಒಳಗಿದ್ದರೆ ಹಾವಿನ ಬಾಯಿಗೂ ಮೈಗೂ ಸಿಕ್ಕಿ ಸುತ್ತಿಕೊಳ್ಳುತ್ತದೆ. ಹಾವು ತಳಕ್ಕೆ ಇಳಿದಿರುವುದನ್ನು ಕೈಯಿಂದ ಮುಟ್ಟಿ ಖಚಿತಪಡಿಸಿಕೊಂಡ ಮೇಲೆ ಬಾಯಿ ಗಂಟು ಹಾಕಿ. ಚೀಲ ಉರುಳಾಡದಂತೆ ಸುತ್ತಲೂ ವೃತ್ತಪತ್ರಿಕೆಯ ಚೂರು ತುಂಬಿ. ನೀರಿನ ಬಟ್ಟಲು ಇಡಬಾರದು, ಚೀಲವನ್ನು ಒದ್ದೆ ಮಾಡಲೂಬಾರದು. ಒದ್ದೆ ಬಟ್ಟೆ ಆರುವಾಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹಾಗೆಯೇ ಅಲ್ಲವೇ.

ಹೊರಡುವ ಮೊದಲಿನ ಹತ್ತು ದಿನ ಹಾವಿಗೆ ಆಹಾರ ಕೊಡಬೇಡಿ. ಹಾವಿನ ಜೀರ್ಣಶಕ್ತಿ ಬಿಸಿಯನ್ನು ಅವಲಂಬಿಸಿದೆ. ಇಲಿ ಹೊಟ್ಟೆಯಲ್ಲಿರುವಾಗಲೇ ಮೈ ತಣ್ಣಗಾದರೆ ಅದು ಕರಗದೆ ಕೊಳೆಯುತ್ತದೆ ಅಥವಾ ಚೀಲದೊಳಗೇ ವಾಂತಿಯಾಗುತ್ತದೆ. ಆರೋಗ್ಯವಂತ ಹಾವಿಗೆ ಹತ್ತು ದಿನದ ಉಪವಾಸ ಏನೂ ಅಲ್ಲ. ಕಣ್ಣು ಹಾಲುಗಟ್ಟಿದಂತೆ ಮಂಜಾಗಿದ್ದರೆ, ಅಂದರೆ ಪೊರೆ ಬಿಡುವ ಸಮಯವಾಗಿದ್ದರೆ, ಪ್ರಯಾಣವನ್ನು ಒಂದು ವಾರ ಮುಂದೂಡಿ.

ಕಾರಿನಲ್ಲಿ ಪೆಟ್ಟಿಗೆ ಹಿಂದಿನ ಸೀಟಿನ ಕೆಳಗೆ, ನೆರಳಿನಲ್ಲಿರಲಿ. ಡಿಕ್ಕಿಯಲ್ಲಿ ಬೇಡ. ಊಟಕ್ಕೆ ನಿಲ್ಲಿಸಿದಾಗ ಗಾಜು ಏರಿಸಿದ ಕಾರಿನಲ್ಲಿ ಹಾವನ್ನು ಬಿಟ್ಟು ಹೋಗಬೇಡಿ. ಡಿಸೆಂಬರಿನ ಬಿಸಿಲಿಗೂ ಮುಚ್ಚಿದ ಕಾರು ಅರ್ಧ ಗಂಟೆಯಲ್ಲಿ ಕಾದುಬಿಡುತ್ತದೆ. 15 ಡಿಗ್ರಿಯ ಗಾಳಿಯಲ್ಲಿ ಒಂದೆರಡು ಗಂಟೆ ಮಂಕಾಗಿದ್ದ ಹಾವು ಮತ್ತೆ ಚೇತರಿಸಿಕೊಳ್ಳಬಹುದು, ಆದರೆ 40 ಡಿಗ್ರಿ ದಾಟಿದ ಪೆಟ್ಟಿಗೆಯಲ್ಲಿ ಅದು ಬದುಕುವುದು ಕಷ್ಟ. ಚಳಿಯ ಭಯದಲ್ಲಿ ನಾವು ಮರೆಯುವುದು ಇದನ್ನೇ.

ಪ್ರಶ್ನೆ: ವಿಜಯಪುರದಿಂದ ದೆಹಲಿಯ ಗೆಳೆಯನಿಗೆ ಜನವರಿಯಲ್ಲಿ ಒಂದು ಬಾಲ್ ಪೈಥಾನ್ ಮರಿ ಕಳುಹಿಸಬೇಕಾಗಿದೆ. ನಲವತ್ತು ಗಂಟೆ ಬರುವ ಹೀಟ್ ಪ್ಯಾಕ್ ತರಿಸಿದ್ದೇನೆ. ಪಾರ್ಸಲ್ಲಿನವರು ಹಾವು ಎಂದರೆ ಒಪ್ಪುವುದಿಲ್ಲವಾದ್ದರಿಂದ ಆಟಿಕೆ ಎಂದು ಬರೆಸಬಹುದೇ?
– ಓದುಗರು, ವಿಜಯಪುರ

ಉತ್ತರ: ಖಂಡಿತ ಬರೆಸಬೇಡಿ. ಆಟಿಕೆ ಎಂದು ಬರೆದ ಡಬ್ಬಿಯನ್ನು ಹಮಾಲರು ಆಟಿಕೆಯಂತೆಯೇ ಎಸೆಯುತ್ತಾರೆ, ಗೋದಾಮಿನಲ್ಲಿ ಅದು ಎರಡು ದಿನ ಬಿದ್ದಿದ್ದರೂ ಯಾರೂ ಕೇಳುವುದಿಲ್ಲ. ಪ್ರಾಣಿಗೆ ಅನಗತ್ಯ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಬಾಲ್ ಪೈಥಾನ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವ ಪ್ರಾಣಿಯೂ ಹೌದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನೋಂದಣಿ ನಿಯಮಗಳ ಪ್ರಕಾರ ಇಂಥ ಪ್ರಾಣಿಯ ಒಡೆತನವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದ್ದನ್ನೂ ಇನ್ನೊಬ್ಬರಿಗೆ ಕೊಟ್ಟಿದ್ದನ್ನೂ ಅಲ್ಲಿ ತಿಳಿಸಬೇಕು. ಮೊದಲು ಆ ಕೆಲಸ ಮುಗಿಸಿ.

ಕಾಗದಪತ್ರ ಸರಿಯಿದ್ದರೂ ಜನವರಿ ಬೇಡವೆಂದೇ ನನ್ನ ಸಲಹೆ. ದೆಹಲಿಯಲ್ಲಿ ಆಗ ರಾತ್ರಿ ಉಷ್ಣಾಂಶ ಐದಾರು ಡಿಗ್ರಿಗೆ ಇಳಿಯುತ್ತದೆ, ದಟ್ಟ ಮಂಜಿಗೆ ವಿಮಾನ, ರೈಲು ತಾಸುಗಟ್ಟಲೆ ತಡವಾಗುತ್ತವೆ. ಹೀಟ್ ಪ್ಯಾಕಿನ ನಲವತ್ತು ಗಂಟೆಯನ್ನು ನಂಬಿ ಹೊರಟ ಮರಿಗೆ ಆ ತಡವೇ ಮುಳುವಾಗುತ್ತದೆ. ಮರಿಯ ಮೈ ಸಣ್ಣದಾದ್ದರಿಂದ ಅದು ದೊಡ್ಡ ಹಾವಿಗಿಂತ ಬೇಗ ತಣ್ಣಗಾಗುತ್ತದೆ ಎಂಬುದೂ ನೆನಪಿರಲಿ. ಹೋಳಿ ಹುಣ್ಣಿಮೆಯ ಹೊತ್ತಿಗೆ ಎರಡೂ ಊರಿನ ಹವೆ ಹದವಾಗಿರುತ್ತದೆ. ಆಗ ಜೀವಂತ ಪ್ರಾಣಿಗಳನ್ನು ಬಹಿರಂಗವಾಗಿ ಸ್ವೀಕರಿಸುವ ವಿಮಾನ ಸರಕು ವಿಭಾಗದ ಮೂಲಕ, ಒಳಗೆ ಏನಿದೆ ಎಂದು ಸ್ಪಷ್ಟವಾಗಿ ಬರೆದು ಕಳುಹಿಸಿ, ಅಥವಾ ಗೆಳೆಯನೇ ಬಂದು ಒಯ್ಯಲಿ.

ತರಿಸಿದ ಹೀಟ್ ಪ್ಯಾಕಿನ ಬಗ್ಗೆ ಒಂದು ಮಾತು. ಮುಂದೆಂದಾದರೂ ನಿಜವಾಗಿಯೂ ಚಳಿಯಿರುವ ದಾರಿಯಲ್ಲಿ ಅದನ್ನು ಬಳಸಬೇಕಾಗಿ ಬಂದರೆ, ವೃತ್ತಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಬೇಕು, ಅದು ಚೀಲಕ್ಕೆ ತಾಗಲೇಬಾರದು. ಅದಕ್ಕೂ ಹಾವಿಗೂ ಒಂದೇ ಗಾಳಿ ಬೇಕು, ಆದ್ದರಿಂದ ತೂತುಗಳನ್ನು ಟೇಪಿನಿಂದ ಮುಚ್ಚಿದರೆ ಪ್ಯಾಕ್ ಆರುತ್ತದೆ, ಹಾವಿಗೂ ಉಸಿರು ಕಟ್ಟುತ್ತದೆ. ಹಾವನ್ನು ಹಾಕುವ ಮೊದಲು ಒಂದು ರಾತ್ರಿ ಖಾಲಿ ಪೆಟ್ಟಿಗೆಯನ್ನು ಹೀಟ್ ಪ್ಯಾಕ್ ಸಮೇತ ಮಾಳಿಗೆಯ ಮೇಲಿಟ್ಟು, ವೈರಿನ ತುದಿಗೆ ಸಂವೇದಕವಿರುವ ಥರ್ಮಾಮೀಟರನ್ನು ಚೀಲದೊಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳಿ. 30 ಡಿಗ್ರಿ ದಾಟಿದರೆ ಪ್ಯಾಕ್ ದೊಡ್ಡದಾಯಿತು ಎಂದರ್ಥ.

ಪ್ರಶ್ನೆ: ಬೆಳಗಾವಿಯಿಂದ ತರಿಸಿದ ಕಾರ್ನ್ ಸ್ನೇಕ್ ಬೆಳಿಗ್ಗೆ ಆರಕ್ಕೆ ಬಂದಿಳಿದಾಗ ಕಲ್ಲಿನಂತೆ ತಣ್ಣಗಿತ್ತು, ನಾಲಿಗೆಯನ್ನೂ ಹೊರಚಾಚುತ್ತಿರಲಿಲ್ಲ. ಒಲೆಯ ಪಕ್ಕ ಇಟ್ಟೆವು. ಈಗ ಓಡಾಡುತ್ತಿದೆ. ಮಾಡಿದ್ದು ಸರಿಯೇ?
– ಓದುಗರು, ಜಮಖಂಡಿ

ಉತ್ತರ: ಬದುಕಿ ಓಡಾಡುತ್ತಿರುವುದು ಸಂತೋಷದ ಸಂಗತಿ. ಆದರೆ ಒಲೆ, ಬಿಸಿನೀರು, ಕೂದಲು ಒಣಗಿಸುವ ಯಂತ್ರ ಇವು ಯಾವುವೂ ಬೇಡ. ತಣ್ಣಗಾದ ಹಾವನ್ನು ಚೀಲದ ಸಮೇತ 24–25 ಡಿಗ್ರಿಯ ಕೋಣೆಯಲ್ಲಿ ಒಂದೆರಡು ತಾಸು ಇಟ್ಟು, ಮೈ ತಾನಾಗಿ ಹದಕ್ಕೆ ಬಂದ ಮೇಲೆ ಅದರ ಗೂಡಿಗೆ ಬಿಡಬೇಕು. ಅಲ್ಲಿ ಕುಡಿಯುವ ನೀರು ಮತ್ತು ಅಡಗಲು ಒಂದು ಮರೆ ಇರಲಿ. ಒಂದು ವಾರ ಆಹಾರ ಕೊಡಬೇಡಿ, ಕೈಗೆ ಎತ್ತಿಕೊಳ್ಳಲೂಬೇಡಿ.

ಮುಂದಿನ ಎರಡು ಮೂರು ವಾರ ಅದರ ಉಸಿರಾಟ ಗಮನಿಸಿ. ಹಾವಿಗೆ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಬಾಯಿ ತೆರೆದು ಉಸಿರಾಡುವುದು, ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ಸುಯ್ ಎಂಬ ಸದ್ದು, ತಲೆಯನ್ನು ಮೇಲೆತ್ತಿ ಹಿಡಿದೇ ಇರುವುದು ಕಂಡರೆ ಶ್ವಾಸಕೋಶಕ್ಕೆ ಸೋಂಕಾಗಿದೆ ಎಂದು ತಿಳಿದು ಕೂಡಲೇ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ಮಾತ್ರೆಯನ್ನು ಒಡೆದು ಹಾಕುವ ಪ್ರಯೋಗ ಬೇಡ.

ಪ್ರಶ್ನೆ: ಬಾಲ್ ಪೈಥಾನ್ ಮೊಟ್ಟೆಯಿಟ್ಟಿದೆ. ಚಳಿಗಾಲದಲ್ಲಿ ಮೊಟ್ಟೆಗಳನ್ನು ಇನ್ನೊಂದು ಊರಿಗೆ ಒಯ್ಯಬಹುದೇ?
– ಓದುಗರು, ಗೋಕಾಕ

ಉತ್ತರ: ಒಯ್ಯಬಾರದು. ಅವುಗಳಿಗೆ ಸುಮಾರು ಎರಡು ತಿಂಗಳು ಸತತವಾಗಿ 31–32 ಡಿಗ್ರಿ ಬೇಕು, ಮತ್ತು ಇಟ್ಟ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನ ಭ್ರೂಣ ಸಾಯಬಹುದು. ಮರಿಯಾಗಿ, ಮೊದಲ ಪೊರೆ ಬಿಟ್ಟು, ನಾಲ್ಕಾರು ಸಲ ತಾವೇ ತಿಂದ ಮೇಲೆ ಪ್ರಯಾಣದ ಮಾತು.

ಪ್ರಶ್ನೆ: ಕಬ್ಬು ಕಡಿಯುವಾಗ ನಸುಕಿನಲ್ಲಿ ಒಂದು ಕೇರೆಹಾವು ಸೆಟೆದುಕೊಂಡಂತೆ ಬಿದ್ದಿತ್ತು. ಹುಡುಗರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮನೆಗೆ ತಂದಿದ್ದಾರೆ. ಚಳಿ ಕಳೆಯುವವರೆಗೆ ಸಾಕಿ, ಆಮೇಲೆ ಕಾಡಿಗೆ ಒಯ್ದು ಬಿಡೋಣವೇ?
– ಓದುಗರು, ಮುಧೋಳ

ಉತ್ತರ: ಬೇಡ, ಇವತ್ತೇ ಬಿಡಬೇಕು. ಕೇರೆ, ನಾಗರ, ಮಣ್ಣುಮುಕ್ಕ ಮೊದಲಾದ ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವುಗಳನ್ನು ಒಂದು ವಾರದ ಮಟ್ಟಿಗೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮೇಲಿನ ಉತ್ತರಗಳಲ್ಲಿ ಹೇಳಿದ ಯಾವ ಏರ್ಪಾಡೂ ಇವಕ್ಕೆ ಅನ್ವಯಿಸುವುದಿಲ್ಲ.

ಆ ಹಾವಿಗೆ ರೋಗವೇನೂ ಬಂದಿರಲಿಕ್ಕಿಲ್ಲ. ನಸುಕಿನ ಚಳಿಗೆ ಮೈ ಮಂಕಾಗಿ ಬಿದ್ದಿರುತ್ತದೆ, ಬಿಸಿಲು ಏರಿದ ಮೇಲೆ ತಾನಾಗಿ ಸರಿದುಹೋಗುತ್ತಿತ್ತು. ಡಬ್ಬಿಯನ್ನು ನೆರಳಿನಲ್ಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಹೇಳಿದಂತೆ, ಹತ್ತು ಗಂಟೆಯ ಎಳೆಬಿಸಿಲಲ್ಲಿ ಸಿಕ್ಕ ಹೊಲದ ಬದುವಿನಲ್ಲೇ, ಬಿಲ ಮತ್ತು ಪೊದೆ ಇರುವ ಕಡೆ ಬಿಡುವುದು ಒಳ್ಳೆಯದು. ಆ ಹಾವಿಗೆ ತನ್ನ ಬಿಲ, ತನ್ನ ಬಿಸಿಲಿನ ಜಾಗ ಗೊತ್ತಿರುತ್ತವೆ. ದೂರದ ಕಾಡಿಗೆ ಒಯ್ದು ಸಂಜೆ ಬಿಟ್ಟರೆ ರಾತ್ರಿಯ ಚಳಿಯಲ್ಲಿ ಎಲ್ಲಿ ಹೊಕ್ಕುಕೊಳ್ಳಬೇಕೆಂದು ಅದಕ್ಕೆ ತಿಳಿಯದು.

ಹುಡುಗರಿಗೆ ಇನ್ನೊಂದು ಮಾತು ಹೇಳಿ. ಈ ಸಲ ಸಿಕ್ಕಿದ್ದು ವಿಷವಿಲ್ಲದ ಕೇರೆ. ಅದೇ ಕಬ್ಬಿನ ರವದಿಯಡಿ ಕೊಳಕುಮಂಡಲವೂ ಹೀಗೆಯೇ ಮಂಕಾಗಿ ಮಲಗಿರುತ್ತದೆ, ಮತ್ತು ಮಂಕಾದ ಹಾವಿಗೂ ಕಚ್ಚಲು ಬರುತ್ತದೆ. ಸತ್ತಂತೆ ಕಂಡ ಹಾವನ್ನು ಕೈಯಿಂದ ಎತ್ತಬಾರದು. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಮಾಡದೆ 108ಕ್ಕೆ ಕರೆ ಮಾಡಿ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.