ಕೋಯೆನ್ ಸಹೋದರರ ಬಗೆಗಿನ ಪರಸ್ಪರ ವಿರುದ್ಧ ವಿಮರ್ಶೆಗಳು: ಒಂದು ಪ್ರತಿಕ್ರಿಯೆ

ಅಮೆರಿಕದ ಚಲನಚಿತ್ರ ನಿರ್ದೇಶಕರಾದ ಜೋಯೆಲ್ ಮತ್ತು ಈಥನ್ ಕೋಯೆನ್ ತಮ್ಮ ಪಾತ್ರಗಳನ್ನು ತಿರಸ್ಕಾರದಿಂದ ನೋಡುತ್ತಾರೆಯೋ, ಪ್ರೀತಿಯಿಂದಲೋ ಎಂಬುದನ್ನು ವಿಮರ್ಶೆಗಳನ್ನು ಓದಿಯೂ ನಿರ್ಧರಿಸಲಾಗದೆ ನಿಮ್ಮ ಪ್ರಬಂಧ ನಿಂತಿರುವುದಕ್ಕೆ, ವಿಮರ್ಶಕರು ತಮಗೆ ಒದಗುವ ಒಂದೆರಡು ಚಿತ್ರಗಳನ್ನು ಹಿಡಿದು ಎಲ್ಲ ಚಿತ್ರಗಳಿಗೂ ತೀರ್ಪು ಕೊಡುವುದೇ ಬಹುಶಃ ಕಾರಣ.

ಮೊದಲು 1996ರ ‘ಫಾರ್ಗೋ’ ಚಿತ್ರದ ಕೊನೆಯ ದೃಶ್ಯವನ್ನು ಮತ್ತೆ ನೋಡಿ. ತಾನು ಬಿಡಿಸಿದ ಬಾತುಕೋಳಿ ಕೇವಲ 3 ಸೆಂಟಿನ ಅಂಚೆಚೀಟಿಗೆ ಆಯ್ಕೆಯಾಯಿತೆಂದು ಗಂಡ ಸಪ್ಪೆ ಮುಖದಲ್ಲಿ ಹೇಳಿದಾಗ, ಅಂಚೆದರ ಏರಿದಾಗಲೆಲ್ಲ ಜನರಿಗೆ ಬೇಕಾಗುವುದು ಸಣ್ಣ ಬೆಲೆಯ ಚೀಟಿಯೇ ಎಂದು ಚಿತ್ರದ ನಾಯಕಿ, ಪೊಲೀಸ್ ಅಧಿಕಾರಿ ಮಾರ್ಜ್ ಹಾಸಿಗೆಯಲ್ಲಿ ಒರಗಿಕೊಂಡೇ ಅವನನ್ನು ಸಂತೈಸುತ್ತಾಳೆ. ಇಷ್ಟು ಮೃದುವಾದ ದೃಶ್ಯವನ್ನು ತಿರಸ್ಕಾರವುಳ್ಳವರು ಬರೆಯಲಾರರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಇದೇ ಚಿತ್ರ ಅಮೆರಿಕದ ಮಿನೆಸೋಟಾ ರಾಜ್ಯದವರ ಮಾತಿನ ಧಾಟಿಯನ್ನು ನಗೆಗೆ ಬಳಸಿಕೊಳ್ಳುವುದರಿಂದ ಆಕ್ಷೇಪಕ್ಕೂ ಆಧಾರವಿದೆ, ಎರಡನ್ನೂ ಬರೆದಿಟ್ಟುಕೊಳ್ಳಿ.

ಬಳಿಕ 2008ರ ‘ಬರ್ನ್ ಆಫ್ಟರ್ ರೀಡಿಂಗ್’ ನೋಡಿ. ತಿರಸ್ಕಾರದ ಆರೋಪ ಹೆಚ್ಚು ಸರಿಯೆನಿಸುವುದು ಇಲ್ಲಿ. ಅದರ ಬೆನ್ನಿಗೇ 2009ರ ‘ಎ ಸೀರಿಯಸ್ ಮ್ಯಾನ್’ ನೋಡಿದರೆ, ತನ್ನ ಸಂಕಟಕ್ಕೆ ಅರ್ಥ ಕೇಳುತ್ತ ಒಬ್ಬ ರಬ್ಬಿಯಿಂದ (ಯಹೂದಿ ಧರ್ಮಗುರು) ಮತ್ತೊಬ್ಬರ ಬಳಿಗೆ ಅಲೆಯುವ ಪ್ರಾಧ್ಯಾಪಕನನ್ನು ಚಿತ್ರ ಹಂಗಿಸುತ್ತಿದೆಯೋ, ಅವನೊಡನೆ ನೋಯುತ್ತಿದೆಯೋ ಎಂಬುದು ಸುಲಭವಾಗಿ ತೀರ್ಮಾನವಾಗುವುದಿಲ್ಲ. ನನಗೂ ಅದು ಪ್ರತಿ ಸಲ ಬೇರೆಯಾಗಿ ಕಾಣುತ್ತದೆ. ಪ್ರಬಂಧದ ನಡುಭಾಗವನ್ನು ಈ ಚಿತ್ರಕ್ಕೇ ಮೀಸಲಿಡಿ.

ಒಂದು ಎಚ್ಚರಿಕೆ: ಆರಂಭದ ಚಿತ್ರಗಳಲ್ಲಿ ನಿರ್ದೇಶಕನೆಂದು ಜೋಯೆಲ್ ಹೆಸರು ಮಾತ್ರ ಇದೆ, ಇಬ್ಬರ ಹೆಸರೂ ಒಟ್ಟಾಗಿ ಬಂದದ್ದು 2004ರ ‘ದ ಲೇಡಿಕಿಲ್ಲರ್ಸ್’ನಿಂದ. ಆದ್ದರಿಂದ ಶೀರ್ಷಿಕೆಪಟ್ಟಿಯನ್ನು ನಂಬಿ ಯಾವ ಗುಣ ಯಾರದೆಂದು ಹಂಚಬೇಡಿ.