ಮೇಷ್ಟ್ರೇ, ಅರ್ಥವನ್ನು ಬೋರ್ಡಿನ ಮೇಲೆ ಬರೆಯಬೇಡಿ

ಹಾಸನ ಜಿಲ್ಲೆಯ ಹೈಸ್ಕೂಲೊಂದರ ಕನ್ನಡ ಮೇಷ್ಟ್ರು ನಮಗೆ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

“ಹಳಗನ್ನಡ, ನಡುಗನ್ನಡ ಪದ್ಯಗಳನ್ನು ಪಾಠ ಮಾಡುವಾಗ ಸೋತುಹೋಗುತ್ತೇನೆ. ಒಂದೊಂದು ಸಾಲಿನಲ್ಲೂ ಒಂದು ಪುರಾಣ ಅಡಗಿರುತ್ತದೆ. ಮಕ್ಕಳಿಗೆ ಅದು ಗೊತ್ತಿರುವುದಿಲ್ಲ. ಎಲ್ಲದಕ್ಕೂ ಟಿಪ್ಪಣಿ ಬರೆಸುತ್ತೇನೆ. ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಮರೆಯುತ್ತಾರೆ. ಕ್ಲಾಸಿನಲ್ಲಿ ಎಲ್ಲ ಧರ್ಮದ ಮಕ್ಕಳೂ ಇದ್ದಾರೆ. ಇವರಿಗೆಲ್ಲ ಈ ಭಾರ ಯಾಕೆ? ನೇರವಾಗಿ ಅರ್ಥವಾಗುವ ಹೊಸ ಪದ್ಯಗಳನ್ನೇ ಇಟ್ಟರೆ ಸಾಲದೇ?”

ಮೇಷ್ಟ್ರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಬೇಜಾರಾಯಿತು. ಎರಡನೇ ಸಲ ಓದಿದಾಗ ನಿಮ್ಮ ಮೇಲೆ ಅಭಿಮಾನ ಬಂತು. ಮಕ್ಕಳು ಮರೆತುಬಿಡುತ್ತಾರಲ್ಲ ಎಂದು ಸಂಕಟಪಡುವ ಮೇಷ್ಟ್ರು ಸಿಗುವುದು ಕಷ್ಟ. ಅಂಕ ಬಂತು, ಮುಗೀತು ಎನ್ನುವವರೇ ಜಾಸ್ತಿ.

ನಿಮ್ಮ ಕಷ್ಟ ನಿಜ. ಪಿರಿಯಡ್ ಚಿಕ್ಕದು. ಹಾಜರಿ ಕರೆಯುವುದರಲ್ಲೇ ಅದರ ಒಂದು ಪಾಲು ಹೋಗುತ್ತದೆ. ಸಿಲಬಸ್ ಮುಗಿಸಬೇಕು. ಹೊಸ ಪದ್ಯಗಳೂ ಬೇಕು, ಒಪ್ಪಿದೆ. ಆದರೆ ಹಳೆಯದನ್ನು ತೆಗೆದುಬಿಡೋಣ ಎಂಬ ಮಾತನ್ನು ಒಪ್ಪಲಾರೆ. ಮಕ್ಕಳ ಕೈಯಲ್ಲಿ ಪದ್ಯವನ್ನು ಕೊಲ್ಲಿಸುತ್ತಿರುವುದು ನೀವು ಬರೆಸುವ ಆ ಟಿಪ್ಪಣಿಯೇ ಎಂದು ನನಗೆ ಅನ್ನಿಸುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಸ್ವಲ್ಪ ಕೇಳಿ.

ರನ್ನನ ‘ಗದಾಯುದ್ಧ’ದ ಆ ಸಾಲು ನಿಮಗೆ ಬಾಯಿಪಾಠ ಇರುತ್ತದೆ. ಸೋತ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತು ಭೀಮ ಗರ್ಜಿಸುತ್ತಾನೆ. ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರಿನೊಳಗಿದ್ದೂ ಬೆವರಿದನಂತೆ! ಈ ಬೆವರು ಎಲ್ಲರಿಗೂ ಹಿಡಿಸುತ್ತದೆ. ಆದರೆ ಕೊನೆಯ ಪದಕ್ಕೆ ಬಂದಾಗ ನಾವು ಬೋರ್ಡಿನ ಮೇಲೆ ‘ಉರಗಪತಾಕ = ದುರ್ಯೋಧನ’ ಎಂದು ಬರೆದು ಮುಂದೆ ಹೋಗುತ್ತೇವೆ. ಅಲ್ಲಿಗೆ ಅರ್ಧ ಸಾಲು ಸತ್ತಿತು.

ಉರಗಪತಾಕ ಅಂದರೆ ಹಾವಿನ ಬಾವುಟದವನು. ದುರ್ಯೋಧನನಿಗೆ ಹೆಸರಿಗೇನು ಬರ? ರನ್ನ ಇಲ್ಲಿ ಹಾವಿನ ಹೆಸರನ್ನೇ ಯಾಕೆ ಹಿಡಿದ? ಇದನ್ನು ಮಕ್ಕಳನ್ನೇ ಕೇಳಿ. ನಿಮ್ಮ ಮಕ್ಕಳು ಕೆರೆಯಲ್ಲಿ ಹಾವು ನೋಡಿರುತ್ತಾರೆ. ತಲೆ ಒಮ್ಮೆ ಮೇಲೆ ಬಂದು ಮತ್ತೆ ಮುಳುಗುವುದನ್ನು ನೋಡಿರುತ್ತಾರೆ. ಹೆದರಿದ ಹಾವು ಎಲ್ಲಿ ಅಡಗುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆಮೇಲೆ ಬಾವುಟದ ಬಗ್ಗೆ ಕೇಳಿ. ಬಾವುಟ ಎಲ್ಲಿರಬೇಕು? ರಥದ ತುದಿಯಲ್ಲಿ, ಗಾಳಿಯಲ್ಲಿ, ಎಲ್ಲರಿಗೂ ಕಾಣುವಂತೆ. ಅದರ ಒಡೆಯ ಈಗ ಎಲ್ಲಿದ್ದಾನೆ? ಕೊಳದ ತಳದಲ್ಲಿ. ಒಂದು ಹೆಸರಿನೊಳಗೆ ಒಂದು ಸಾಮ್ರಾಜ್ಯ ಮುಳುಗಿದೆ. ಇದನ್ನು ಕಂಡ ಹುಡುಗ ಆ ಸಾಲನ್ನು ಸಾಯುವ ತನಕ ಮರೆಯುವುದಿಲ್ಲ.

ಕುಮಾರವ್ಯಾಸನ ‘ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ’ಯೂ ಹಾಗೆಯೇ. ಆದಿಶೇಷ ಭೂಮಿಯನ್ನು ಹೊತ್ತಿದ್ದಾನೆ ಎಂಬ ಕತೆ ಗೊತ್ತಿದ್ದವನು ತಕ್ಷಣ ನಗುತ್ತಾನೆ. ರಾಮಾಯಣ ಬರೆದ ಕವಿಗಳು ಅಷ್ಟೊಂದು ಜನ, ಪಾಪ ಆ ಹಾವು ಭಾರ ತಡೆಯಲಾರದೆ ತಿಣುಕುತ್ತಿದೆ! ಕತೆ ಗೊತ್ತಿಲ್ಲದವನಿಗೆ ಮೊದಲು ಪದ್ಯ ಓದಿ, ಆಮೇಲೆ ಶೇಷನ ಕತೆ ಹೇಳಿದರೆ ನಗು ಬರುವುದಿಲ್ಲ. ತಮಾಷೆಯನ್ನು ವಿವರಿಸಿದ ಮೇಲೆ ಯಾರು ನಗುತ್ತಾರೆ? ಅದಕ್ಕೇ ನಾನು ಹೇಳುವುದು, ಕತೆ ಮೊದಲು ಬರಲಿ. ಸೋಮವಾರ ಶೇಷನ ಕತೆಯನ್ನು ಸುಮ್ನೆ ಕತೆಯಾಗಿ ಹೇಳಿ. ಪದ್ಯದ ಸುದ್ದಿಯನ್ನೇ ಎತ್ತಬೇಡಿ. ಗುರುವಾರ ಪದ್ಯ ಓದಿ. ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬ ನಗುತ್ತಾನೆ. ಉಳಿದವರು ಯಾಕೆ ಯಾಕೆ ಎಂದು ಅವನನ್ನೇ ಕೇಳುತ್ತಾರೆ. ಆ ದಿನ ಪಾಠ ಮಾಡಿದವನು ಅವನು.

ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಇದನ್ನು ಧ್ವನಿ ಎಂದು ಕರೆದ. ಗಂಟೆ ಹೊಡೆದ ಮೇಲೂ ಅದರ ನಾದ ಗುಂಯ್ ಎಂದು ಉಳಿಯುತ್ತದಲ್ಲ, ಕಾವ್ಯದ ಒಳಗಿನ ಅರ್ಥ ಕೇಳಿಸುವುದು ಹಾಗೆ. ನಮ್ಮ ತೀ.ನಂ.ಶ್ರೀಯವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಇದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಕೊಟ್ಟಿದ್ದಾರೆ. ಬೋರ್ಡಿನ ಮೇಲಿನ ಆ ಸಮ ಚಿಹ್ನೆ ಇದೆಯಲ್ಲ, ಅದು ಗಂಟೆಯ ಮೇಲೆ ಇಟ್ಟ ಕೈ. ನಾದ ಅಲ್ಲೇ ನಿಲ್ಲುತ್ತದೆ.

ಇನ್ನು ರೂಪಕದ ಕತೆಗಳ ವಿಷಯ. ಕೆಲವು ವರ್ಷಗಳ ಹಿಂದೆ ತುಮಕೂರು ಕಡೆಯ ಒಂದು ಶಾಲೆಗೆ ಹೋಗಿದ್ದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯ ಕತೆ ಹೇಳಿದೆ. ರಾವಣನನ್ನು ಗೆದ್ದು ಮರಳುವ ರಾಮನ ಎದುರು ಯಾವ ಧಾನ್ಯ ದೊಡ್ಡದು ಎಂಬ ಮಾತು ಬರುತ್ತದೆ. ಗೌತಮ ಮುನಿ ನರೆದಲೆಗನನ್ನು, ಅಂದರೆ ರಾಗಿಯನ್ನು ಹೊಗಳುತ್ತಾನೆ. ವ್ರಿಹಿಗೆ, ಅಂದರೆ ಭತ್ತಕ್ಕೆ ಸಿಟ್ಟು ಬರುತ್ತದೆ. ನೀನೆಲ್ಲಿ ನಾನೆಲ್ಲಿ ಎಂದು ಹೀಯಾಳಿಸುತ್ತದೆ. ರಾಗಿ ಸುಮ್ಮನಿರುವುದಿಲ್ಲ. ನೀನು ಬಡವರನ್ನು ಕಣ್ಣೆತ್ತಿ ನೋಡುವುದಿಲ್ಲ, ದುಡ್ಡಿದ್ದವರ ಬೆನ್ನು ಹತ್ತಿ ಹೋಗುತ್ತೀಯ, ಹೆಣದ ಬಾಯಿಗೆ ತುತ್ತಾಗುತ್ತೀಯ ಎಂದು ತಿರುಗಿಸಿ ಕೊಡುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಬಾಗಿಲು ತೆಗೆದಾಗ ಭತ್ತ ಕೆಟ್ಟಿದೆ. ರಾಗಿ ಹೇಗಿತ್ತೋ ಹಾಗೇ ಇದೆ. ರಾಮ ಅದಕ್ಕೆ ರಾಘವ ಎಂದು ತನ್ನ ಹೆಸರನ್ನೇ ಕೊಡುತ್ತಾನೆ.

ಇಷ್ಟು ಹೇಳಿ ಸುಮ್ಮನೆ ಕೂತೆ. ಏನೂ ವಿವರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ನಮ್ಮನೇಲಿ ದಿನಾ ಮುದ್ದೆ. ಬೆಂಗಳೂರಿಂದ ಚಿಕ್ಕಪ್ಪ ಬಂದಾಗ ಮಾತ್ರ ಅಮ್ಮ ಅನ್ನ ಮಾಡ್ತಾಳೆ. ಮುದ್ದೆ ಕೋಲನ್ನ ಒಳಗೆ ಎತ್ತಿಡ್ತಾಳೆ.” ಇಡೀ ಕ್ಲಾಸು ಅವಳ ಕಡೆ ತಿರುಗಿತು. ನಗು ಬರಲಿಲ್ಲ ಯಾರಿಗೂ. ಇನ್ನೊಬ್ಬ ಹುಡುಗ, “ರಾಗಿ ಹಗೇವಲ್ಲಿ ವರ್ಷಗಟ್ಟಲೆ ಇರುತ್ತೆ ಸಾರ್, ಹುಳ ಬೀಳಲ್ಲ, ನಮ್ಮ ತಾತ ಹೇಳ್ತಿದ್ರು” ಅಂದ. ಹಗೇವು ಅಂದರೆ ನೆಲದೊಳಗೆ ಧಾನ್ಯ ತುಂಬಿಡುವ ಗುಂಡಿ. ಮತ್ತೊಬ್ಬಳು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. “ರಾಗಿ ತಪ್ಪೇ ಮಾಡಿಲ್ವಲ್ಲ ಸಾರ್. ಅದನ್ನ ಯಾಕೆ ಜೈಲಿಗೆ ಹಾಕಿದ್ರು?”

ನೋಡಿ ಮೇಷ್ಟ್ರೇ, ಗೈಡ್ ಪುಸ್ತಕ ಏನು ಹೇಳುತ್ತದೆ? ಭತ್ತ ಎಂದರೆ ಮೇಲುವರ್ಗ, ರಾಗಿ ಎಂದರೆ ಕೆಳವರ್ಗ. ತಪ್ಪೇನಿಲ್ಲ. ಆದರೆ ಆ ಮುದ್ದೆ ಕೋಲು ಯಾವ ಗೈಡಿನಲ್ಲಿದೆ? ತಪ್ಪು ಮಾಡದವರೂ ತಮ್ಮ ಯೋಗ್ಯತೆ ತೋರಿಸಲು ಸೆರೆಯಲ್ಲಿ ಕೊಳೆಯಬೇಕಾಗುತ್ತದೆ ಎಂಬುದನ್ನು ಆ ಹುಡುಗಿ ಒಂದೇ ಪ್ರಶ್ನೆಯಲ್ಲಿ ಹಿಡಿದಳು. ಇನ್ನೊಂದು ಮಾತು. ರಾಗಿ ನಿಜವಾಗಿಯೂ ಬಹಳ ಕಾಲ ಬಾಳುವ ಧಾನ್ಯ. ರೈತರ ಮನೆಯ ಈ ನಿಜದ ಮೇಲೆ ಕನಕದಾಸರು ಕತೆ ಕಟ್ಟಿದರು. ಹಗೇವಿನ ರಾಗಿ ಗೊತ್ತಿಲ್ಲದೆ ಸೆರೆಮನೆಯ ರಾಗಿ ಅರ್ಥವಾಗುವುದಿಲ್ಲ. ಅದಕ್ಕೇ ಮಕ್ಕಳು ಮೊದಲು ರಾಗಿಯನ್ನು ರಾಗಿಯಾಗಿಯೇ ನೋಡಲಿ. ಜಾತಿ, ವರ್ಗದ ಮಾತಿಗೆ ಅವರೇ ಬರುತ್ತಾರೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತು. ಬೆಂಗಳೂರಿನ ಚಿಕ್ಕಪ್ಪಂದಿರು ಈಗ ಡಾಕ್ಟರ್ ಹೇಳಿದರು ಅಂತ ಊರಿಂದ ರಾಗಿ ಒಯ್ಯುತ್ತಾರೆ. ಈ ಕತೆಯನ್ನು ಇವತ್ತು ಹೇಳಿದರೆ ಮಕ್ಕಳು ಇನ್ನೂ ಏನೇನು ಹೇಳುತ್ತಾರೋ, ಕೇಳಬೇಕು ಅನ್ನಿಸುತ್ತದೆ. ಅದರ ಮರುದಿನವೇ ಪುರಂದರದಾಸರ ‘ರಾಗಿ ತಂದೀರಾ’ ಹಾಡಿಸಿ. ಯೋಗ್ಯರಾಗಿ, ಭೋಗ್ಯರಾಗಿ, ಭಾಗ್ಯವಂತರಾಗಿ. ಭಿಕ್ಷೆಯ ರಾಗಿ ಹೇಗೆ ಬಾಳುವ ರೀತಿಯಾಗಿ ಬದಲಾಯಿತು ಎಂದು ಆರನೇ ಕ್ಲಾಸಿನ ಮಗುವೂ ಹಿಡಿಯುತ್ತದೆ.

ಎಲ್ಲ ಧರ್ಮದ ಮಕ್ಕಳಿಗೆ ಈ ಭಾರ ಯಾಕೆ ಎಂದು ಕೇಳಿದ್ದೀರಿ. ನಿಮ್ಮ ಕಾಳಜಿ ಒಳ್ಳೆಯದು. ಆದರೆ ಪಂಪ ಯಾರು? ಜೈನ. 941ರಲ್ಲಿ ಆದಿಪುರಾಣವನ್ನು ತನ್ನ ಧರ್ಮಕ್ಕಾಗಿ ಬರೆದ. ಭಾರತವನ್ನು ಲೋಕಕ್ಕಾಗಿ ಬರೆದ. ಹಾಗೆಂದು ಅವನೇ ಹೇಳಿಕೊಂಡಿದ್ದಾನೆ. ಶಿಶುನಾಳದ ಶರೀಫರು ಯಾರು? ಮುಸ್ಲಿಂ ಮನೆಯಲ್ಲಿ ಹುಟ್ಟಿ ಗೋವಿಂದ ಭಟ್ಟರ ಶಿಷ್ಯರಾದವರು. ‘ಕೋಡಗನ್ನ ಕೋಳಿ ನುಂಗಿತ್ತಾ’ ಹಾಡನ್ನು ನಿಮ್ಮ ಕ್ಲಾಸಿನಲ್ಲಿ ಹಾಡಿಸಿ. ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ಕೊನೆಗೆ ಗುರುವಿನ ಪಾದ ನನ್ನನ್ನೇ ನುಂಗಿತು ಎಂಬ ಸಾಲು ಬರುತ್ತದೆ. ಆಗ ಹಾಡಿನ ಮೊದಲಿಗೆ ಮತ್ತೆ ಹೋಗಬೇಕು ಅನ್ನಿಸುತ್ತದೆ. ಈ ಹಾಡು ಯಾವ ಧರ್ಮದ ಮಗುವಿಗೆ ಭಾರ? ನಿಮ್ಮ ಕ್ಲಾಸಿನಲ್ಲಿ ಮಂಟೇಸ್ವಾಮಿ ಕತೆಯೋ ಮಾದಪ್ಪನ ಕತೆಯೋ ಕೇಳಿ ಬೆಳೆದ ಮಗು ಇದ್ದರೆ ಅದರ ಬಾಯಿಂದಲೂ ಕತೆ ಹೇಳಿಸಿ. ಚರ್ಚಿನಲ್ಲಿ ಕೇಳಿದ ಕತೆ, ಮಸೀದಿಯಲ್ಲಿ ಕೇಳಿದ ಕತೆ, ಎಲ್ಲವೂ ಬರಲಿ. ಒಬ್ಬರ ಕತೆ ಇನ್ನೊಬ್ಬರಿಗೆ ಗೊತ್ತಾಗುವ ಜಾಗ ಶಾಲೆಯಲ್ಲದೆ ಬೇರೆ ಯಾವುದಿದೆ?

ಪಂಪನ ಹೆಸರು ಬಂತು, ಬಿಡಲು ಮನಸ್ಸಾಗುತ್ತಿಲ್ಲ. ಅವನ ಭಾರತದಲ್ಲಿ ಅರ್ಜುನ ಎಂದರೆ ಅವನ ದೊರೆ ಅರಿಕೇಸರಿಯೂ ಹೌದು. ಇಂದಿನ ತೆಲಂಗಾಣದ ವೇಮುಲವಾಡದ ಚಾಲುಕ್ಯ ದೊರೆ. ದೊರೆಗಾಗಿ ಕತೆಯನ್ನೇ ತಿದ್ದಿದ. ದ್ರೌಪದಿ ಅಲ್ಲಿ ಅರ್ಜುನನೊಬ್ಬನ ಹೆಂಡತಿ. ದೊರೆಯ ಹೆಂಡತಿಗೆ ಐವರು ಗಂಡಂದಿರು ಎಂದು ಸಭೆಯಲ್ಲಿ ಓದಲು ಆಗುತ್ತಿತ್ತೇ? ಇಷ್ಟು ಮಾಡಿದ ಕವಿ ಕೊನೆಗೆ ಯಾರನ್ನು ನೆನೆಯಿರಿ ಎನ್ನುತ್ತಾನೆ? ಶತ್ರುವಿನ ಕಡೆಯ ಕರ್ಣನನ್ನು. ‘ಕರ್ಣರಸಾಯನಮಲ್ತೆ ಭಾರತಂ’. ಭಾರತ ಕಿವಿಗೆ ರಸಾಯನ. ಕರ್ಣನಿಂದಾದ ರಸಾಯನವೂ ಹೌದು. ದೊರೆಯನ್ನು ಎದುರಿಗೆ ಕೂರಿಸಿಕೊಂಡು ಇಂಥ ಮಾತು ಹೇಳಲು ಎಂಥ ಗುಂಡಿಗೆ ಬೇಕು! ಹತ್ತನೇ ಕ್ಲಾಸಿನ ಹುಡುಗರಿಗೆ ಈ ಧೈರ್ಯ ಅರ್ಥವಾಗುವುದಿಲ್ಲ ಎಂದು ನಾನು ನಂಬುವುದಿಲ್ಲ.

ಮಕ್ಕಳಿಗೆ ಸೂಚನೆ ಹಿಡಿಯಲು ಬರುವುದಿಲ್ಲ ಎಂಬ ಮಾತೂ ಸುಳ್ಳು. ಯಾರಾದರೂ ಕ್ಲಾಸಿನಲ್ಲಿ ಸಿನಿಮಾ ಡೈಲಾಗಿನ ಎರಡು ಪದ ಗೊಣಗಿದರೆ ಇಡೀ ಬೆಂಚು ನಗುತ್ತದೆ ಅಲ್ವಾ? ಅದೇ ವಿದ್ಯೆ ಇದು. ಕುಂಭಕರ್ಣನ ನಿದ್ದೆ, ತ್ರಿಶಂಕು ಸ್ಥಿತಿ, ಭಗೀರಥ ಪ್ರಯತ್ನ ಎಂದು ನಾವು ದಿನಾ ಮಾತಾಡುತ್ತೇವೆ. ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ. ತಡವಾಗಿ ಮನೆಗೆ ಬಂದರೆ “ಬಂದ್ಯೇನಪ್ಪ, ವನವಾಸ ಮುಗೀತಾ?” ಎನ್ನುತ್ತಿದ್ದಳು. ಇವತ್ತಿಗೂ ಕರಾವಳಿ, ಮಲೆನಾಡಿನ ತಾಳಮದ್ದಳೆಗೆ ಹೋಗಿ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ. ಅರ್ಥಧಾರಿ ಆ ನಾಲ್ಕು ಸಾಲನ್ನು ಹಿಡಿದು ಬಹಳ ಹೊತ್ತು ಮಾತಾಡುತ್ತಾರೆ. ಕೃಷ್ಣ ಒಂದು ಹೇಳಿದರೆ ಕರ್ಣ ಇನ್ನೊಂದು. ಕೇಳುವವರಲ್ಲಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರೂ ಇರುತ್ತಾರೆ. ಒಂದು ಸೂಚನೆಯೂ ಅವರ ಕೈ ತಪ್ಪುವುದಿಲ್ಲ. ಗಮಕದಲ್ಲೂ ಹಾಗೇ. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸಂತೋಷಪಟ್ಟೆವು, ಫೋಟೋ ಹಾಕಿದೆವು. ಆದರೆ ನಮ್ಮ ಎಷ್ಟು ಶಾಲೆಗಳ ಮಕ್ಕಳು ಗಮಕವನ್ನು ಒಮ್ಮೆಯಾದರೂ ಎದುರು ಕೂತು ಕೇಳಿದ್ದಾರೆ?

ಕನ್ನಡಿಗರು ಓದದೆಯೂ ಕಾವ್ಯ ಬಲ್ಲವರು ಎಂದು ‘ಕವಿರಾಜಮಾರ್ಗ’ ಹೇಳಿತು. ಅದು ಒಂಬತ್ತನೇ ಶತಮಾನದ ಮಾತು. ಈಗ ನಾವು ಓದಿಯೂ ಬಾರದವರನ್ನು ತಯಾರು ಮಾಡುತ್ತಿದ್ದೇವೆ. ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಎಂಬುದು ಎಂಥ ಒಳ್ಳೆಯ ಪ್ರಶ್ನೆ! ಸ್ವಾರಸ್ಯ ಎಂಬ ಪದದಲ್ಲೇ ರಸ ಇದೆ. ಅದನ್ನು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಖಾನೆ ಮಾಡಿ, ಮೂರಕ್ಕೂ ಸಿದ್ಧ ವಾಕ್ಯ ಕೊಟ್ಟುಬಿಟ್ಟೆವು. ನಾನು ಓದಿದ ಶಾಲೆಯಲ್ಲಿ ಪುಸ್ತಕಗಳೆಲ್ಲ ಬೀರುವಿನಲ್ಲಿದ್ದವು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಮೂರು ವರ್ಷದಲ್ಲಿ ಒಮ್ಮೆಯೂ ಗೊತ್ತಾಗಲಿಲ್ಲ. ಇವತ್ತಿಗೂ ಅಂಥ ಬೀರುಗಳನ್ನು ಕಾಣುತ್ತೇನೆ.

ಇದರ ಫಲ ಶಾಲೆಯ ಹೊರಗೆ ಕಾಣುತ್ತಿದೆ. ಕವಿತೆಯ ಒಂದು ಸಾಲನ್ನು, ನಾಟಕದ ಒಂದು ಮಾತನ್ನು ಕಿತ್ತು ತಂದು, ಅದರ ಮೇಲರ್ಥವನ್ನೇ ಹಿಡಿದು ಜಗಳಕ್ಕೆ ನಿಲ್ಲುತ್ತೇವೆ. ನಮ್ಮ ಪತ್ರಿಕೆಗೂ ಅಂಥ ಪತ್ರಗಳು ಬರುತ್ತವೆ. ಕತೆಯಲ್ಲಿ ಒಬ್ಬ ಕೆಟ್ಟವನು ಆಡಿದ ಮಾತನ್ನು ಕತೆಗಾರನ ತಲೆಗೆ ಕಟ್ಟಿ ಕ್ಷಮೆ ಕೇಳಿ ಎನ್ನುತ್ತಾರೆ. ಇವರು ದಡ್ಡರಲ್ಲ. ಒಳಗಿನ ಮಾತನ್ನು ಕೇಳಿಸಿಕೊಳ್ಳುವುದನ್ನು ಇವರಿಗೆ ಯಾರೂ ಕಲಿಸಲಿಲ್ಲ. ದೇಹವೇ ದೇಗುಲ ಎಂದ ಬಸವಣ್ಣನವರ ನಾಡಿನಲ್ಲಿ ಹೀಗಾಗಿದೆ ಎಂದರೆ ನನಗೆ ನಿದ್ದೆ ಬರುವುದಿಲ್ಲ ಮೇಷ್ಟ್ರೇ.

ಹಾಗಾಗಿ ನಿಮ್ಮಲ್ಲಿ ಒಂದು ಬೇಡಿಕೆ. ವಾರಕ್ಕೆ ಒಂದು ಪಿರಿಯಡ್ ಬಿಡಿ, ಸಾಕು. ಮೊದಲು ದುರ್ಯೋಧನ ನೀರಿಗೆ ಇಳಿದ ಕತೆ ಹೇಳಿ. ಆಮೇಲೆ ರನ್ನನ ಆ ಸಾಲನ್ನು ಬೋರ್ಡಿನ ಮೇಲೆ ಬರೆಯಿರಿ. ಅರ್ಥ ಬರೆಯಬೇಡಿ. ಹಾವಿನ ಬಾವುಟ ಯಾಕೆ ಎಂದು ಕೇಳಿ, ಕುರ್ಚಿಯಲ್ಲಿ ಕೂತುಕೊಳ್ಳಿ. ಎರಡು ನಿಮಿಷ ಯಾರೂ ಮಾತಾಡದಿದ್ದರೂ ತಾಳಿಕೊಳ್ಳಿ. ಆಮೇಲೆ ಮಕ್ಕಳು ಏನೇನು ಹೇಳಿದರೋ ಅದನ್ನು ಅವರ ಮಾತಿನಲ್ಲೇ ಬರೆದು ನಮಗೆ ಕಳಿಸಿ. ತಪ್ಪು ಉತ್ತರಗಳನ್ನೂ ಬಿಡಬೇಡಿ. ಪತ್ರಿಕೆಯಲ್ಲಿ ಅದಕ್ಕೆ ಎರಡು ಪುಟ ತೆಗೆದಿಟ್ಟಿರುತ್ತೇನೆ.