ಹದಿನಾಲ್ಕು ಗದ್ದೆ, ಒಂದೇ ಕಟಾವು ಮಷಿನ್: ಪ್ರೋಗ್ರಾಂ ಯಾಕೆ ಮುಗಿಯುತ್ತಿಲ್ಲ

ಅಣ್ಣಾ, 14 ಗದ್ದೆಗೆ ಒಂದೇ ಭತ್ತ ಕಟಾವು ಮಷಿನ್, ಪ್ರತಿ ಗದ್ದೆಯೂ ತನ್ನ ಗಡುವಿನೊಳಗೆ ಮುಗಿಯೋ ಹಾಗೆ ಸರದಿ ಹಾಕೋಕೆ ಬರೆದ ಪ್ರೋಗ್ರಾಂ ರಾತ್ರಿಯಿಡೀ ಓಡಿದರೂ ಮುಗಿದಿಲ್ಲ, ಹೊಸ ಕಂಪ್ಯೂಟರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಆ ದುಡ್ಡು ಡೀಸೆಲ್‌ಗೆ ಇರಲಿ.

ನೀವು ಎಲ್ಲಾ ಸರದಿಗಳನ್ನೂ ಒಂದೊಂದಾಗಿ ನೋಡುತ್ತಿದ್ದೀರಿ. 10 ಗದ್ದೆಗೆ ಸರದಿಗಳು 36,28,800. ಸೆಕೆಂಡಿಗೆ 10 ಲಕ್ಷ ನೋಡಿದರೆ ನಾಲ್ಕು ಸೆಕೆಂಡಲ್ಲಿ ಮುಗೀತು. ಅದೇ ವೇಗದಲ್ಲಿ 14ಕ್ಕೆ ಒಂದು ದಿನ, 15ಕ್ಕೆ 15 ದಿನ, 16ಕ್ಕೆ ಎಂಟು ತಿಂಗಳು. ಅಷ್ಟರಲ್ಲಿ ಮುಂದಿನ ಬೆಳೆ ಕೊಯ್ಲಿಗೆ ಬಂದಿರುತ್ತದೆ.

ಎಲ್ಲಾ ಗದ್ದೆ ಇವತ್ತೇ ಕಟಾವಿಗೆ ಸಿದ್ಧ ಇದ್ದಿದ್ದರೆ ಪ್ರೋಗ್ರಾಮೇ ಬೇಡ. ಯಾರ ಗಡುವು ಮೊದಲೋ ಅವರದ್ದು ಮೊದಲು. ಇದನ್ನು ಜಾಕ್ಸನ್ ಅನ್ನೋ ಸಂಶೋಧಕರು 1955ರಲ್ಲೇ ತೋರಿಸಿದ್ದಾರೆ. ತಲೆನೋವು ಶುರುವಾಗುವುದು 'ನೆಲ ಒಣಗೋವರೆಗೂ ಮಷಿನ್ ಇಳಿಸಬೇಡಿ' ಅನ್ನೋ ಷರತ್ತು ಸೇರಿದಾಗ.

ನೋಡಿ, ದೊಡ್ಡ ಗದ್ದೆ ಇವತ್ತೇ ರೆಡಿ, ಮೂರು ದಿನದ ಕೆಲಸ, 10 ದಿನ ಟೈಮಿದೆ. ಚಿಕ್ಕದು ಎರಡನೇ ದಿನಕ್ಕೆ ರೆಡಿ, ಒಂದೇ ದಿನದ ಕೆಲಸ, ಆದರೆ ಮೂರನೇ ದಿನ ದಾಟಿದರೆ ಕಾಳು ಉದುರುತ್ತದೆ. ಮಷಿನ್ ಖಾಲಿ ನಿಲ್ಲಬಾರದು ಅಂತ ದೊಡ್ಡದಕ್ಕೆ ಇಳಿಸಿದಿರೋ, ಚಿಕ್ಕದು ಹೋಯ್ತು! ಇಲ್ಲಿ ಮೊದಲ ದಿನ ಮಷಿನ್ ಸುಮ್ನೆ ನಿಲ್ಲಿಸುವುದೇ ಸರಿ. ಯಾವಾಗ ಕಾಯಬೇಕು, ಯಾವಾಗ ಇಳಿಯಬೇಕು ಅನ್ನೋದಕ್ಕೆ ಸುಲಭದ ಸೂತ್ರ ಇಲ್ಲ. ಕಂಪ್ಯೂಟರ್ ವಿಜ್ಞಾನಿಗಳಾದ ಗ್ಯಾರಿ ಮತ್ತು ಜಾನ್ಸನ್ ಅವರ 1979ರ ಪುಸ್ತಕದಲ್ಲಿ ಇದೇ ಲೆಕ್ಕ ಎನ್‌ಪಿ-ಕಂಪ್ಲೀಟ್ ಪಟ್ಟಿಯಲ್ಲಿದೆ. ಅಂದರೆ ಸರದಿ ಬರೆದು ಕೊಟ್ಟರೆ ಸರಿಯಿದೆಯಾ ಅಂತ ನೋಡೋದು ಸಲೀಸು, ಹುಡುಕೋದಕ್ಕೆ ಮಾತ್ರ, ಗದ್ದೆ ಎಷ್ಟು ಹೆಚ್ಚಿದರೂ ಬೇಗನೇ ಮುಗಿಯುವಂಥ ದಾರಿ ಯಾರಿಗೂ ಸಿಕ್ಕಿಲ್ಲ. ದೊಡ್ಡ ಗದ್ದೆಯನ್ನು ಅರ್ಧಕ್ಕೆ ಬಿಟ್ಟು ಬರಬಹುದು ಅಂತಾದರೆ ಮತ್ತೆ ಸುಲಭ: ರೆಡಿ ಇರೋದರಲ್ಲಿ ಗಡುವು ಹತ್ತಿರದ್ದಕ್ಕೆ ಹೋಗ್ತಾ ಇರಿ. ಆದರೆ ಮಷಿನ್‌ನವರು ಒಪ್ಪಬೇಕಲ್ವಾ?

ಒಪ್ಪದಿದ್ದರೂ 14 ಗದ್ದೆ ಏನೂ ಜಾಸ್ತಿ ಅಲ್ಲ. ಸರದಿ ಎಣಿಸೋದು ಬಿಡಿ, ಯಾವ್ಯಾವ ಗದ್ದೆ ಮುಗಿದಿದೆ ಅನ್ನೋ ಗುಂಪುಗಳನ್ನು ಎಣಿಸಿ. ಅವು ಬರೀ 16,384. ಪ್ರತಿ ಗುಂಪಿಗೂ ಬೇಗ ಅಂದರೆ ಯಾವಾಗ ಮುಗಿಯುತ್ತದೆ ಅನ್ನೋ ಒಂದೇ ಸಂಖ್ಯೆ ಇಟ್ಟುಕೊಳ್ಳಿ. ಗದ್ದೆಯಿಂದ ಗದ್ದೆಗೆ ಹೋಗೋ ಟೈಮೂ ಸೇರಿಸಬೇಕಾದರೆ ಕೊನೆಗೆ ಯಾವ ಗದ್ದೆಯಲ್ಲಿದ್ದೆವು ಅನ್ನೋದನ್ನೂ ಬರೆದಿಡಿ. ಆಗಲೂ ಕೆಲವೇ ಸೆಕೆಂಡು.

ಮುಂದಿನ ವರ್ಷ ಎರಡು ಮಷಿನ್, 40 ಗದ್ದೆ ಆದರೆ ಇದೂ ಸಾಲದು. ಆಗ ಗೂಗಲ್‌ನ ಓಆರ್-ಟೂಲ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿರುವ ಸಿಪಿ-ಸ್ಯಾಟ್ (ಇಂಥ ಸರದಿ ಲೆಕ್ಕ ಬಿಡಿಸೋ ಪ್ರೋಗ್ರಾಂ) ಹಾಕಿ, ಪುಕ್ಕಟೆ ಸಿಗುತ್ತದೆ. ಐದು ನಿಮಿಷದ ಮಿತಿ ಇಟ್ಟು, ಸಿಕ್ಕಿದ್ದರಲ್ಲಿ ಒಳ್ಳೆಯ ಸರದಿ ತಗೊಳ್ಳಿ.